ಎಲ್ಲಿವರೆಗೆ ಜೀವ ಬಂದಿದೆ?

ನಮ್ಮ ಮನೆಯ ವಿಡಿಯೋ ಗೇಮ್ ಮಷೀನು ಒಂದು ಭಾನುವಾರ ಸ್ಟಾರ್ಟ್ ಆಗಲಿಲ್ಲ. ಊಟಕ್ಕೆ ಬಂದಿದ್ದ ಭಾವ ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿ, "ಬೋರ್ಡ್ ಹೋಗಿದೆ, ಬಿಡಿ" ಅಂದರು. ಅವರ ತಪ್ಪೇನಿಲ್ಲ. ಈಗ ಯಾವ ಸಾಮಾನು ಕೆಟ್ಟರೂ ಮೊದಲು ಬರುವ ಮಾತು ಇದೇ. ವಾಷಿಂಗ್ ಮಷೀನಿಗೂ ಬೋರ್ಡ್ ಹೋಗಿದೆ, ಫ್ರಿಜ್ಜಿಗೂ ಬೋರ್ಡ್ ಹೋಗಿದೆ, ಅಪಾರ್ಟ್‌ಮೆಂಟಿನ ಲಿಫ್ಟಿಗೂ ಬೋರ್ಡ್ ಹೋಗಿದೆ. ಹಾಗಂದ ಮೇಲೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ದುಡ್ಡು ಎಷ್ಟು ಅಂತ ಮಾತ್ರ ಕೇಳುತ್ತಾರೆ.

ನಮ್ಮ ಮಷೀನಿಗೆ ಹೊಸ ಬೋರ್ಡು ತರೋಣ ಅಂದರೆ ಸಿಗುವುದೂ ಇಲ್ಲ. ಇದು ಟೀವಿಗೆ ಚುಚ್ಚಿ ಆಡುವ ಆಟವಲ್ಲ. ಆಳೆತ್ತರದ ಪ್ಲೈವುಡ್ ಪೆಟ್ಟಿಗೆ, ಮೇಲೆ ಸನ್ಮೈಕಾ, ಹಣೆಯಲ್ಲಿ ಟ್ಯೂಬ್‌ಲೈಟು, ನಡುವೆ ಹಳೇ ಕಾಲದ ಪಿಕ್ಚರ್ ಟ್ಯೂಬು, ಕೆಳಗೆ ಎರಡು ಜಾಯ್‌ಸ್ಟಿಕ್ಕು. 90ರ ದಶಕದಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ, ಸಿನಿಮಾ ಟಾಕೀಸಿನ ಎದುರು ಇಂಥ ಪೆಟ್ಟಿಗೆ ಸಾಲಾಗಿ ನಿಂತಿರುತ್ತಿದ್ದವು. ಒಂದು ರೂಪಾಯಿ ಹಾಕಿ ಆಡುತ್ತಿದ್ದೆವು. ದುಡ್ಡು ಮುಗಿದ ಮೇಲೂ ಇನ್ನೊಬ್ಬರ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದೆವು. ಹಾಸನದ ಕಡೆ ಅಂಥದ್ದೊಂದು ಅಂಗಡಿ ಮುಚ್ಚಿದಾಗ, ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆಯನ್ನು ನಾನು ಕೊಂಡು ತಂದೆ. ಒಳಗಿರುವ ಆಟ ಮುಸ್ತಫಾ.

ಹೌದು, ಅದೇ ಮುಸ್ತಫಾ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಈ ಆಟವನ್ನು ಹೊರತಂದಾಗ ಇಟ್ಟ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ನಮ್ಮ ಹುಡುಗರಿಗೆ ಆ ಹೆಸರು ಯಾಕೆ ಬೇಕು? ಇರುವ ನಾಲ್ಕು ಪಾತ್ರಗಳಲ್ಲಿ ಓಡಿ ಬಂದು ಒದೆಯುವವನ ಹೆಸರು ಮುಸ್ತಫಾ. ಆಟಕ್ಕೂ ಅದೇ ಹೆಸರಾಯಿತು. ದೇಶದ ಬೇರೆ ಊರುಗಳಲ್ಲೂ ಹಾಗೇ ಕರೆಯುತ್ತಾರೆ.

ಇವತ್ತು ಇದೇ ಆಟವನ್ನು ಮೊಬೈಲಿನಲ್ಲೂ ಆಡಬಹುದು. ಹಳೇ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಅನ್ನುವ ಸಾಫ್ಟ್‌ವೇರು 1997ರಲ್ಲೇ ಬಂತು. ಹಾಗಿದ್ದ ಮೇಲೆ ಅಷ್ಟು ದೊಡ್ಡ ಪೆಟ್ಟಿಗೆ ಹಾಲಿನಲ್ಲಿ ಯಾಕೆ ಅಂತ ನಮ್ಮ ಮನೆಯವರೂ ಕೇಳಿದ್ದಾರೆ. ಗಾಜಿನ ಮೇಲೆ ಬೆರಳಾಡಿಸಿ ಆಡುವುದು ಬೇರೆ, ಕಾಲೂರಿ ನಿಂತು ಜಾಯ್‌ಸ್ಟಿಕ್ಕನ್ನು ಎಳೆದಾಡುವುದು ಬೇರೆ. ಇಷ್ಟು ಬಿಟ್ಟರೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ.

ಭಾವ ಊರಿಗೆ ಹೊರಟ ಮೇಲೆ ನಾನು ಫೋನ್ ಮಾಡಿದ್ದು ನಮ್ಮೂರಿನ ಟೀವಿ ಅಂಕಲ್‌ಗೆ. ನಮ್ಮ ಬೀದಿಯ ಪ್ರತಿ ಮನೆಯ ಟೀವಿಯನ್ನೂ ಒಂದಲ್ಲ ಒಂದು ಸಲ ಬಿಚ್ಚಿದವರು. ಈಗ ಅಂಗಡಿ ಮುಚ್ಚಿದ್ದಾರೆ. ಫ್ಲಾಟ್ ಟೀವಿ ಬಂದ ಮೇಲೆ ಅವರ ಕೆಲಸವೂ ಬೋರ್ಡ್ ಬದಲಾಯಿಸುವುದಕ್ಕೆ ಬಂದು ನಿಂತಿತು, ಅದರಲ್ಲಿ ಅವರಿಗೆ ರುಚಿ ಇರಲಿಲ್ಲ. "ಅಂಕಲ್, ಮಷೀನ್ ಡೆಡ್ ಆಗಿದೆ" ಅಂದೆ. ಅವರಿಗೆ ಆ ಮಾತೇ ಆಗುವುದಿಲ್ಲ.

"ಡೆಡ್ಡೋ ಅಲ್ವೋ ಆಮೇಲೆ ನೋಡೋಣ ಕಣಪ್ಪಾ. ಎಲ್ಲಿವರೆಗೆ ಜೀವ ಬಂದಿದೆ ಅದನ್ನ ಹೇಳು."

ರಿಪೇರಿಯ ಬಗ್ಗೆ ನಾನು ಕೇಳಿದ ಅತ್ಯಂತ ಉಪಯೋಗದ ಪ್ರಶ್ನೆ ಇದು. ಏನು ಕೆಟ್ಟಿದೆ ಅಂತ ಯೋಚಿಸಲು ಕೂತರೆ ನೂರು ಅನುಮಾನ ಹುಟ್ಟುತ್ತವೆ. ಎಲ್ಲಿವರೆಗೆ ಸರಿಯಿದೆ ಅಂತ ಕೇಳಿಕೊಂಡರೆ ಒಂದು ಕಡೆಯಿಂದ ಹಿಡಿದುಕೊಂಡು ಹೋಗಬಹುದು. ಇಂಥ ಪೆಟ್ಟಿಗೆಯಲ್ಲಿ ದಾರಿ ಬಹಳ ಉದ್ದವೇನಿಲ್ಲ. ಗೋಡೆಯ 230 ವೋಲ್ಟು ಪ್ಲಗ್ಗು, ಸ್ವಿಚ್ಚು, ಫ್ಯೂಸು ದಾಟಿ ಒಳಗೆ ಬಂದು ಮೂರು ಕಡೆ ಹಂಚಿಹೋಗುತ್ತದೆ. ಒಂದು ಟ್ಯೂಬ್‌ಲೈಟಿಗೆ. ಒಂದು ಪಿಕ್ಚರ್ ಟ್ಯೂಬಿನ ಮಾನಿಟರಿಗೆ. ಇನ್ನೊಂದು ಎಸ್‌ಎಂಪಿಎಸ್ ಅನ್ನುವ ತಗಡಿನ ಡಬ್ಬಿಗೆ. ಆ ಡಬ್ಬಿ 5 ವೋಲ್ಟು, 12 ವೋಲ್ಟು ಮತ್ತು ಮೈನಸ್ 5 ವೋಲ್ಟು ಮಾಡಿ ಗೇಮ್ ಬೋರ್ಡಿಗೆ ಕೊಡುತ್ತದೆ. ಬೋರ್ಡಿನ ಚಿಪ್ಪುಗಳು ಓಡುವುದು 5 ವೋಲ್ಟಿನಲ್ಲಿ. ಸ್ಪೀಕರಿನ ಸದ್ದಿಗೆ 12 ವೋಲ್ಟು. ಮೈನಸ್ 5 ಬೇಕಾಗುವುದು ಕೆಲವು ಹಳೇ ಬೋರ್ಡಿಗೆ ಮಾತ್ರ.

ಟ್ಯೂಬ್‌ಲೈಟು ಉರಿಯುತ್ತಿತ್ತು. ಅಲ್ಲಿಗೆ ಪ್ಲಗ್ಗು, ಸ್ವಿಚ್ಚು, ಫ್ಯೂಸು ಮೂರೂ ಅನುಮಾನದಿಂದ ಹೊರಗೆ. ಟೆಸ್ಟರಿಗಿಂತ ಈ ಸಾಕ್ಷಿ ಗಟ್ಟಿ. ಟೆಸ್ಟರಿನ ಪುಟ್ಟ ದೀಪ ಫೇಸ್ ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ನ್ಯೂಟ್ರಲ್ ಕಿತ್ತುಹೋಗಿದ್ದರೂ ಅದು ಉರಿಯುತ್ತದೆ. ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಮುಂದಿನದು ಮಾನಿಟರು. ಪರದೆ ಪೂರ್ತಿ ಕಪ್ಪು. ಕಪ್ಪು ಅಂದ ಮಾತ್ರಕ್ಕೆ ಸತ್ತಿದೆ ಅಂತ ಅರ್ಥ ಅಲ್ಲ ಅಂತ ಅಂಕಲ್ ಫೋನಿನಲ್ಲೇ ಎಚ್ಚರಿಸಿದರು. ಹಿಂದಿನ ಬಾಗಿಲು ತೆಗೆದು, ರೂಮಿನ ಲೈಟು ಆರಿಸಿ, ದೂರದಿಂದ ಪಿಕ್ಚರ್ ಟ್ಯೂಬಿನ ಕುತ್ತಿಗೆ ನೋಡಲು ಹೇಳಿದರು. ಅಲ್ಲಿ ಸಣ್ಣಗೆ ಕಿತ್ತಳೆ ಬಣ್ಣದ ಬೆಳಕು ಕಂಡಿತು. ಮುಂದಿನ ಗಾಜಿನ ಹತ್ತಿರ ಕೈ ತಂದರೆ ಕೂದಲು ಎದ್ದು ನಿಲ್ಲುತ್ತಿತ್ತು. ಈ ಎರಡು ಗುರುತು ಸಿಕ್ಕರೆ ಬಹಳ ಸಿಕ್ಕ ಹಾಗೆ. ಕುತ್ತಿಗೆಯೊಳಗಿನ ಆ ಬಿಸಿ ತಂತಿಗೆ ಕರೆಂಟು ಬರುವುದು ಮಾಮೂಲಾಗಿ ಎಲ್‌ಒಟಿಯಿಂದ. ನಮ್ಮ ಟೀವಿ ಮೆಕ್ಯಾನಿಕ್‌ಗಳೆಲ್ಲ ಎಲ್‌ಒಟಿ ಅಂತಲೇ ಕರೆಯುವ, ಕಪ್ಪು ಟೋಪಿಯ ದಪ್ಪ ವೈರು ಹೊರಡುವ ಟ್ರಾನ್ಸ್‌ಫಾರ್ಮರು ಅದು. ಕುತ್ತಿಗೆ ಹೊಳೆಯುತ್ತಿದೆ ಅಂದರೆ ಎಲ್‌ಒಟಿ ಓಡುತ್ತಿದೆ. ಕೂದಲು ಎದ್ದರೆ ಹೈವೋಲ್ಟೇಜೂ ಇದೆ. ಅಂದರೆ ಮಾನಿಟರ್ ಎದ್ದು ಕೂತಿದೆ, ತೋರಿಸಲು ಚಿತ್ರವೇ ಬರುತ್ತಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಆ ಕಪ್ಪು ಟೋಪಿಯ ಕೆಳಗೆ 20 ಸಾವಿರ ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು, ಕೆಲವು ಸಲ ಬಹಳ ಹೊತ್ತು. ಎಸ್‌ಎಂಪಿಎಸ್ ಒಳಗೆ ಚಾರ್ಜು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟು ಡಿಸಿ ಕೂತಿರುತ್ತದೆ. 230 ವೋಲ್ಟನ್ನು ಡಿಸಿ ಮಾಡಿದರೆ ಅದರ ತುದಿ ಅಷ್ಟಕ್ಕೆ ಏರುತ್ತದೆ. ಗೊತ್ತಿಲ್ಲದವರು ಮಾನಿಟರಿನ ಒಳಗೆ ಕೈ ಹಾಕಬಾರದು. ಗೊತ್ತಿರುವವರೂ ಒಂದು ಕೈ ಹಿಂದಕ್ಕೆ ಕಟ್ಟಿಕೊಂಡೇ ಕೆಲಸ ಮಾಡುತ್ತಾರೆ. ನಾನು ಹೊರಗಿನಿಂದ ನೋಡಿದ್ದೇ ಹೊರತು ಮುಟ್ಟಲಿಲ್ಲ.

ಉಳಿದದ್ದು ಎಸ್‌ಎಂಪಿಎಸ್ ಮತ್ತು ಬೋರ್ಡು. ಟೀವಿ, ಫ್ಯಾನು ಎಲ್ಲ ಆರಿಸಿ ಸುಮ್ನೆ ಕಿವಿಗೊಟ್ಟೆ. ಪೆಟ್ಟಿಗೆಯ ತಳದಿಂದ ಟಿಕ್, ಟಿಕ್, ಟಿಕ್ ಅಂತ ಸದ್ದು. ಫೋನನ್ನು ಅದರ ಹತ್ತಿರ ಹಿಡಿದೆ. ಅಂಕಲ್ ಆ ಕಡೆಯಿಂದ ಖುಷಿಯಾಗಿ, "ಆಹಾ, ಉಸಿರಾಡ್ತಿದೆ!" ಅಂದರು. ಎಸ್‌ಎಂಪಿಎಸ್ ಶುರುವಾಗಲು ನೋಡುತ್ತದೆ, ಆಗುವುದಿಲ್ಲ, ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ, ಮತ್ತೆ ಶುರುವಾಗಲು ನೋಡುತ್ತದೆ. ಆ ಸದ್ದು ಅದರದ್ದು. ಮೀಟರಿಟ್ಟರೆ 5 ವೋಲ್ಟಿನ ಜಾಗದಲ್ಲಿ ಸೊನ್ನೆಗೂ ಎರಡಕ್ಕೂ ನಡುವೆ ಅಂಕಿ ಕುಣಿಯುತ್ತಿತ್ತು.

ಬೋರ್ಡಿಗೆ ಚುಚ್ಚಿದ ಕನೆಕ್ಟರು ಕಿತ್ತೆ. ಟಿಕ್ ಟಿಕ್ ನಿಂತಿತು, 5.1 ವೋಲ್ಟು ಬಂತು.

ಈ ಹಂತದಲ್ಲಿ ನೂರಕ್ಕೆ ತೊಂಬತ್ತು ಜನ ಭಾವನ ಪಕ್ಷಕ್ಕೆ ಸೇರುತ್ತಾರೆ. ಬೋರ್ಡ್ ತೆಗೆದರೆ ಸರಿ, ಹಾಕಿದರೆ ಕೆಡುತ್ತೆ, ಇನ್ನೇನು ಬೇಕು? ನೋಡಲು ಸರಿಯಾದ ತರ್ಕವೇ. ಬೋರ್ಡಿನಲ್ಲಿ ಶಾರ್ಟ್ ಇದ್ದರೂ ಹೀಗೇ ಆಗುತ್ತದೆ. ಆದರೆ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಬಲ ಕಳೆದುಕೊಂಡಿದ್ದರೂ ಹೀಗೇ ಆಗುತ್ತದೆ. ಸುಮ್ನೆ ನಿಂತಾಗ ಗಟ್ಟಿಮುಟ್ಟಾಗಿ ಕಾಣುವ ಆಳು ತಲೆ ಮೇಲೆ ಅಕ್ಕಿ ಮೂಟೆ ಇಟ್ಟ ಕೂಡಲೇ ಕುಸಿದ ಹಾಗೆ. ಎರಡನ್ನೂ ಬೇರೆ ಮಾಡಲು ಇನ್ನೂ ಎರಡು ಪರೀಕ್ಷೆ ಬೇಕು. ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು, ಬಿಚ್ಚಿಟ್ಟ ಬೋರ್ಡಿನ 5 ವೋಲ್ಟಿನ ಪಟ್ಟಿಗೂ ಗ್ರೌಂಡಿಗೂ ನಡುವೆ ಓಮ್ಸ್, ಅಂದರೆ ಕರೆಂಟಿಗಿರುವ ತಡೆ, ಅಳೆಯುವುದು. ಮೀಟರು ಬೀಪ್ ಅನ್ನಲಿಲ್ಲ, ಸೊನ್ನೆಯನ್ನೂ ತೋರಿಸಲಿಲ್ಲ. ಶಾರ್ಟ್ ಇಲ್ಲ. ಎರಡನೆಯದು, ಬೋರ್ಡಿನ ಬದಲು ಬೇರೆ ಯಾವುದಾದರೂ ಭಾರ ಹೊರಿಸುವುದು. ಸ್ಕೂಟರಿನ ಬ್ರೇಕ್ ಲೈಟಿನ 12 ವೋಲ್ಟ್ 21 ವಾಟ್ ಬಲ್ಬು ಇದಕ್ಕೆ ಹೇಳಿ ಮಾಡಿಸಿದ್ದು. 5 ವೋಲ್ಟಿನಲ್ಲಿ ಅದು ಕೆಂಪಗೆ ಮಂಕಾಗಿ ಉರಿಯುತ್ತದೆ, ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ಬಲ್ಬು ತಾಗಿಸಿದ ಕೂಡಲೇ ಮತ್ತೆ ಟಿಕ್, ಟಿಕ್. ಬಡಪಾಯಿ ಬೋರ್ಡು ಪಕ್ಕದ ಟೀಪಾಯಿ ಮೇಲೆ ಪೇಪರ್ ಹಾಸಿಕೊಂಡು ಮಲಗಿದೆ, ಇಲ್ಲಿ ಸಪ್ಲೈ ಒಂದು ಬಲ್ಬನ್ನೂ ಹೊರಲಾರದೆ ಒದ್ದಾಡುತ್ತಿದೆ. ಇನ್ನು ವಾದವೇ ಇಲ್ಲ ಅಲ್ವಾ?

ಬೋರ್ಡಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅದಕ್ಕಾಗಿಯೇ ನನಗೆ ಅಷ್ಟು ಆತಂಕ ಇತ್ತು. ಈ ಆಟದ ಅಸಲಿ ಬೋರ್ಡಿನಲ್ಲಿ ಕ್ಯಾಪ್‌ಕಾಮ್‌ನವರು ಒಂದು ಬ್ಯಾಟರಿ ಇಟ್ಟಿದ್ದರು. ಕಾಪಿ ಮಾಡುವವರನ್ನು ತಡೆಯಲು ಮಾಡಿದ ಉಪಾಯ. ಆಟ ಓಡಲು ಬೇಕಾದ ಗುಟ್ಟಿನ ಅಂಕಿಗಳು ಬ್ಯಾಟರಿಯ ಬಲದ ಮೇಲೆ ನೆನಪಿರುತ್ತವೆ. ಬ್ಯಾಟರಿ ಖಾಲಿಯಾದರೆ ನೆನಪು ಹೋಗುತ್ತದೆ, ಬೋರ್ಡು ಮೂಲೆಗೆ. ಸಂಗ್ರಹ ಮಾಡುವವರು ಇದಕ್ಕೆ ಸೂಸೈಡ್ ಬ್ಯಾಟರಿ ಅಂತ ಹೆಸರಿಟ್ಟಿದ್ದಾರೆ. 1993ರಲ್ಲೇ ಬಂದ ಸಿಪಿಎಸ್-2 ಅನ್ನುವ ಮುಂದಿನ ಬೋರ್ಡುಗಳಲ್ಲೂ ಅದೇ ಕಥೆ. ಅದರ ಗುಟ್ಟನ್ನು ಹವ್ಯಾಸಿಗಳು ಬಿಡಿಸಿದ್ದು 2007ರಲ್ಲಿ. ಸತ್ತ ಬೋರ್ಡಿಗೆ ಅದರದ್ದೇ ಕೀಲಿಯನ್ನು ಮತ್ತೆ ತುಂಬಿ ಎಬ್ಬಿಸುವ ದಾರಿ ಸಿಕ್ಕಿದ್ದು 2016ರಲ್ಲಿ. ದುಡ್ಡು ಕೊಟ್ಟು ಅಸಲಿ ಮಾಲು ಕೊಂಡ ಅಂಗಡಿಯವನ ಬೋರ್ಡು ತಾನಾಗಿಯೇ ಸಾಯುವಂತೆ ಮಾಡಿದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ.

ನಮ್ಮದು ಕಾಪಿ ಬೋರ್ಡು. ಹಾಸನದ ಅಂಗಡಿಗೆ ಅಸಲಿ ಎಲ್ಲಿಂದ ಬರಬೇಕು? ಅದರಲ್ಲಿ ಆ ಬ್ಯಾಟರಿಯೇ ಇಲ್ಲ. ನಕಲಿ ಮಾಡಿದವರು ಬೀಗವನ್ನೇ ಕಿತ್ತೆಸೆದಿದ್ದರಿಂದ ಸಾಯಲು ಒಂದು ಕಾರಣ ಕಡಿಮೆ. ಹಾಗಂತ ಕೆಟ್ಟರೆ ಇನ್ನೊಂದು ಸಿಗುತ್ತದೆ ಅಂತಲ್ಲ.

ಸರಿ, ಎಸ್‌ಎಂಪಿಎಸ್. ಪ್ಲಗ್ ಕಿತ್ತು ಮುಚ್ಚಳ ತೆಗೆದು, ದೊಡ್ಡ ಕೆಪಾಸಿಟರಿನ ಚಾರ್ಜನ್ನು (ಸ್ಕೂಟರಿನದ್ದಲ್ಲ) 230 ವೋಲ್ಟಿನ ತಂತಿ ಬಲ್ಬಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆ ಒಳಗೆ ಕೈ ಹಾಕಿದೆ. ಮೊದಲು ಕಂಡದ್ದು ಧೂಳು ಮತ್ತು ಜಿರಳೆಯ ಹಳೇ ಸಂಸಾರ. ಬೆಚ್ಚಗಿನ ಡಬ್ಬಿ ಅಂದರೆ ಅವುಗಳಿಗೆ ಬಲು ಪ್ರೀತಿ. ಬ್ರಷ್ಷಿನಲ್ಲಿ ಗುಡಿಸಿದ ಮೇಲೆ 5 ವೋಲ್ಟಿನ ಕಡೆಯ ಎರಡು ಕೆಪಾಸಿಟರು ಕಂಡವು. ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿತ್ತು. ಒಂದರ ನೆತ್ತಿಯಿಂದ ಕಂದು ಬಣ್ಣದ ಅಂಟು ಒಸರಿ ಒಣಗಿತ್ತು.

ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗೆ ಒದ್ದೆ ಇರುತ್ತದೆ. ಬಿಸಿಗೆ ಅದು ನಿಧಾನವಾಗಿ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರೆಲ್ಲ ಬಳಸುವ ಲೆಕ್ಕ. ಕಿಟಕಿಯಿಲ್ಲದ ಗೇಮ್ ಅಂಗಡಿಯಲ್ಲಿ, ಬಾಗಿಲು ಮುಚ್ಚಿದ ಪೆಟ್ಟಿಗೆಯಲ್ಲಿ, ಬೆಳಗ್ಗೆಯಿಂದ ರಾತ್ರಿವರೆಗೆ ಉರಿದ ಎಸ್‌ಎಂಪಿಎಸ್ ಇದು. ಇಷ್ಟು ವರ್ಷ ಬಾಳಿದ್ದೇ ದೊಡ್ಡದು. ಭಾರ ಇಲ್ಲದಾಗ ವೋಲ್ಟೇಜು ಸರಿಯಾಗಿ ಕಾಣಲು ಕಾರಣವೂ ಇದೇ. ಒಣಗಿದ ಕೆಪಾಸಿಟರು ಚೂರುಪಾರು ಕರೆಂಟನ್ನು ಸಂಭಾಳಿಸುತ್ತದೆ, ಜಾಸ್ತಿ ಎಳೆದರೆ ಕೈಚೆಲ್ಲುತ್ತದೆ.

"ಉಬ್ಬಿದ ಎರಡನ್ನ ಮಾತ್ರ ಹಾಕ್ಬೇಡ," ಅಂದರು ಅಂಕಲ್. "ಐಸಿ ಪಕ್ಕ ಹೀಟ್‌ಸಿಂಕಿಗೆ ಅಂಟ್ಕೊಂಡು ಒಂದು ಪುಟಾಣಿ ಇರ್ತದೆ ನೋಡು. ಅದು ಉಬ್ಬಲ್ಲ, ಏನೂ ಇಲ್ಲ, ಒಳಗೊಳಗೇ ಒಣಗಿರ್ತದೆ. ಅದನ್ನೂ ಬದಲಾಯ್ಸು."

ಹೀಟ್‌ಸಿಂಕು ಅಂದರೆ ಬಿಸಿ ಹೊರಗೆ ಬಿಡುವ ಲೋಹದ ತುಂಡು. ಆ ಪುಟಾಣಿ ಕೆಪಾಸಿಟರಿನ ಕೆಲಸ ಎಸ್‌ಎಂಪಿಎಸ್ ನಡೆಸುವ ಚಿಪ್ಪಿಗೆ, ಅಂದರೆ ಐಸಿಗೆ, ಶುರುವಿನಲ್ಲಿ ಕರೆಂಟು ಹಿಡಿದುಕೊಡುವುದು. ಅದು ಒಣಗಿದರೂ ಇದೇ ಟಿಕ್ ಟಿಕ್ ಬರುತ್ತದೆ. ನೋಡಲು ಹೊಸದರಂತೆಯೇ ಇರುವುದರಿಂದ ಅದನ್ನು ಯಾರೂ ಅನುಮಾನಿಸುವುದಿಲ್ಲ. ಅಂಕಲ್ ಅನುಮಾನಿಸಲು ಕಲಿತದ್ದು ಪುಸ್ತಕದಿಂದಲ್ಲ. ಉಬ್ಬಿದ್ದನ್ನು ಮಾತ್ರ ಬದಲಾಯಿಸಿ ಕಳಿಸಿದ ಟೀವಿಗಳು ವಾಪಸ್ ಬಂದು ಕಲಿಸಿದ್ದು.

ಬೆಂಗಳೂರಿನಲ್ಲಿ ಇಂಥದ್ದಕ್ಕೆಲ್ಲ ಎಸ್.ಪಿ. ರೋಡೇ ಗತಿ. ಅಂಗಡಿಯವರು ಮೊದಲು ಕೇಳಿದ್ದು, "ಪೂರ್ತಿ ಎಸ್‌ಎಂಪಿಎಸ್ಸೇ ತಗೊಳ್ಳಿ ಸಾರ್, ಕೆಪಾಸಿಟರ್ ಯಾಕೆ?" ಅಂತ. ನಿಜ ಹೇಳಬೇಕು, ಅವರ ಮಾತಿನಲ್ಲೂ ಅರ್ಥ ಇದೆ. ಅವಸರ ಇದ್ದವರು, ಬೆಸುಗೆ ಬರದವರು ಹೊಸ ಡಬ್ಬಿ ಹಾಕುವುದೇ ಕ್ಷೇಮ. ನನಗೆ ಅವಸರ ಇರಲಿಲ್ಲ. ಅದೇ ಮೈಕ್ರೋಫ್ಯಾರಡ್ಡು, ವೋಲ್ಟು ಅಷ್ಟೇ ಅಥವಾ ಸ್ವಲ್ಪ ಮೇಲೆ, 105 ಡಿಗ್ರಿಯದ್ದು, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವುದು) ಅಂತ ಕೇಳಿ ತಂದೆ. 85 ಡಿಗ್ರಿಯದ್ದು ಅಗ್ಗ, ಆದರೆ ಈ ಜಾಗಕ್ಕೆ ಅಲ್ಲ.

ಬೆಸುಗೆ ಹಾಕಿದ ಮೇಲೆ ನೇರವಾಗಿ ಗೋಡೆಗೆ ಚುಚ್ಚುವ ಹಾಗಿಲ್ಲ. ನಮ್ಮ ಟೀವಿ ಮೆಕ್ಯಾನಿಕ್‌ಗಳ ಮೇಜಿನ ಮೇಲೆ ಯಾವಾಗಲೂ ಒಂದು ಸೀರೀಸ್ ಬಲ್ಬು ಇರುತ್ತಿತ್ತು. ಹಳೇ ಕಾಲದ 100 ವಾಟಿನ ಬಲ್ಬನ್ನು ಫೇಸ್ ವೈರಿನ ನಡುವೆ ಸೇರಿಸಿ, ರಿಪೇರಿ ಮಾಡಿದ ಸಾಮಾನಿಗೆ ಅದರ ಮೂಲಕ ಕರೆಂಟು ಕೊಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು ಪೆಟ್ಟನ್ನು ತಾನು ತಿನ್ನುತ್ತದೆ, ಸಾಮಾನು ಉಳಿಯುತ್ತದೆ. ಎಲ್ಲ ಸರಿ ಇದ್ದರೆ ಕ್ಷಣ ಮಿನುಗಿ ಮಂಕಾಗುತ್ತದೆ. ಅದಕ್ಕಿಂತ ಅಗ್ಗದ, ಅದಕ್ಕಿಂತ ಬುದ್ಧಿವಂತ ಉಪಕರಣ ನಾನು ನೋಡಿಲ್ಲ. ಎಲ್‌ಇಡಿ ಬಲ್ಬಿನಲ್ಲಿ ಇದು ನಡೆಯುವುದಿಲ್ಲ, ಒಳಗೆ ತಂತಿಯೇ ಬೇಕು. ನನ್ನದು ಮಿನುಗಿ ಮಂಕಾಯಿತು. ಸ್ಕೂಟರ್ ಬಲ್ಬು ಹೊರಿಸಿದರೂ 5.05 ಅಲ್ಲಾಡಲಿಲ್ಲ.

ಬೋರ್ಡು ಚುಚ್ಚಿದೆ. ಪರದೆ ಮೇಲೆ ಬಣ್ಣಬಣ್ಣದ ಚೌಕಗಳು ಬಂದವು. ಹೋದವು. ಮತ್ತೆ ಬಂದವು. ಅಷ್ಟು ಹೊತ್ತಿನ ಮೇಲೆ ಬಂದ ಮೊದಲ ಚಿತ್ರ, ಅದೂ ಕಸ.

ಹೀಗೆ ಬಂದುಹೋಗುವುದಕ್ಕೆ ಕಾರಣ ವಾಚ್‌ಡಾಗ್. ಆರ್ಕೇಡ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇಂಥದ್ದೊಂದು ಕಾವಲುಗಾರ ಸರ್ಕ್ಯೂಟ್ ಇರುತ್ತದೆ. ಪ್ರೊಸೆಸರ್ ಆಗಾಗ ಅದಕ್ಕೆ ತಾನು ಸರಿಯಿದ್ದೇನೆ ಅಂತ ಹೇಳುತ್ತಿರಬೇಕು. ಹೇಳದೆ ಹೋದರೆ ಅದು ಬೋರ್ಡನ್ನೇ ರೀಸೆಟ್ ಮಾಡುತ್ತದೆ. ಅಂದರೆ ಈಗ ಜೀವ ಪ್ರೊಸೆಸರಿನವರೆಗೆ ಬಂದಿದೆ, ಅದು ನಾಲ್ಕು ಹೆಜ್ಜೆ ಇಟ್ಟು ಬೀಳುತ್ತಿದೆ.

ಅಂಕಲ್‌ಗೆ ಫೋನು. "5 ವೋಲ್ಟ್ ಎಷ್ಟಿದೆ?" "5.05, ಅಂಕಲ್." "ಎಲ್ಲಿ ಇಟ್ಟು ನೋಡ್ದೆ?" "ಎಸ್‌ಎಂಪಿಎಸ್ ಹತ್ರ." "ಚಿಪ್ಪು ಕೂತಿರೋದು ಅಲ್ಲೇನಪ್ಪಾ?"

ಬೋರ್ಡಿನ ಮೇಲಿನ ಚಿಪ್ಪಿನ ಕಾಲಿಗೇ ಮೀಟರ್ ಇಟ್ಟರೆ 4.6. ಆ ಕಾಲದ ಟಿಟಿಎಲ್ ಅನ್ನುವ ಜಾತಿಯ ಚಿಪ್ಪುಗಳಿಗೆ 4.75ರಿಂದ 5.25ರ ಒಳಗೆ ಇರಬೇಕು. ದಾರಿಯಲ್ಲಿ ಅರ್ಧ ವೋಲ್ಟಿನಷ್ಟು ಸೋರಿಹೋಗುತ್ತಿತ್ತು. ಎಸ್‌ಎಂಪಿಎಸ್ ಮೇಲೆ ವೋಲ್ಟೇಜ್ ಏರಿಸುವ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಿ ಬೋರ್ಡಿನಲ್ಲಿ 5 ಬರುವಂತೆ ಮಾಡಿಬಿಡುವ ಆಸೆ ಎಲ್ಲರಿಗೂ ಬರುತ್ತದೆ, ಎಷ್ಟೋ ಅಂಗಡಿಗಳಲ್ಲಿ ಮಾಡುತ್ತಿದ್ದದ್ದೂ ಅದೇ. ಸೋರಿದ ಆ ಅರ್ಧ ವೋಲ್ಟು ಎಲ್ಲೋ ಒಂದು ಕಡೆ ಬಿಸಿಯಾಗಿ ಕೂತಿರುತ್ತದೆ. ಏರಿಸಿದಷ್ಟೂ ಆ ಜಾಗ ಇನ್ನೂ ಸುಡುತ್ತದೆ. ಒಂದು ದಿನ ಕನೆಕ್ಟರನ್ನು ಅಲ್ಲಾಡಿಸಿದಾಗ ಸಂಪರ್ಕ ಸರಿಹೋದರೆ, ಏರಿಸಿದ ವೋಲ್ಟೇಜೆಲ್ಲ ಚಿಪ್ಪಿಗೆ ಹೋಗುತ್ತದೆ.

ಸೋರುತ್ತಿದ್ದದ್ದು ಬೋರ್ಡನ್ನು ಪೆಟ್ಟಿಗೆಯ ವೈರುಗಳಿಗೆ ಸೇರಿಸುವ ಜಾಮಾ ಕನೆಕ್ಟರಿನಲ್ಲಿ. ಜಪಾನಿನ ಆರ್ಕೇಡ್ ತಯಾರಕರ ಸಂಘ 1985ರಲ್ಲಿ ಮಾಡಿದ ಮಾನದಂಡ ಅದು. ಒಂದು ಮಗ್ಗುಲಿಗೆ 28, ಇನ್ನೊಂದಕ್ಕೆ 28, ಒಟ್ಟು 56 ಜಾಗ. ಇದನ್ನು ಪಾಲಿಸಿದ ಯಾವ ಕಂಪನಿಯ ಬೋರ್ಡಾದರೂ ಅಂಥ ಯಾವ ಪೆಟ್ಟಿಗೆಗಾದರೂ ಕೂರುತ್ತದೆ. ನಮ್ಮೂರುಗಳಲ್ಲಿ ಬಡಗಿ ಮಾಡಿದ ಪೆಟ್ಟಿಗೆಯಲ್ಲಿ ಜಪಾನಿನ ಆಟ ಓಡಿದ್ದು ಇದರಿಂದಲೇ. ಆಟ ಹಳೆಯದಾಯಿತು ಅಂದರೆ ಅಂಗಡಿಯವರು ಬೋರ್ಡ್ ಎಳೆದು ಇನ್ನೊಂದು ಚುಚ್ಚುತ್ತಿದ್ದರು, ಪೆಟ್ಟಿಗೆ ಅದೇ. (ಮುಸ್ತಫಾ ಮೂರು ಜನ ಆಡುವ ಆಟ. ಜಾಮಾದಲ್ಲಿ ಇಬ್ಬರಿಗೇ ಜಾಗ, ಮೂರನೆಯವನಿಗೆ ಬೇರೆ ವೈರು ಎಳೆಯಬೇಕು. ನಮ್ಮದರಲ್ಲಿ ಯಾರೂ ಎಳೆದಿಲ್ಲ.) 5 ವೋಲ್ಟಿಗೆ ಅದರಲ್ಲಿ ನಾಲ್ಕು ಜಾಗ ಕೊಟ್ಟಿದ್ದಾರೆ, ಗ್ರೌಂಡಿಗೆ ಇನ್ನೂ ಜಾಸ್ತಿ. ಕರೆಂಟು ಹಂಚಿಕೊಂಡು ಹೋಗಲಿ ಅಂತ. ನಮ್ಮ ಪೆಟ್ಟಿಗೆಗೆ ವೈರಿಂಗ್ ಮಾಡಿದ ಪುಣ್ಯಾತ್ಮರು ನಾಲ್ಕರಲ್ಲಿ ಒಂದಕ್ಕೆ ಮಾತ್ರ ವೈರು ಹಾಕಿದ್ದರು. ಆ ಒಂದರ ಪಕ್ಕದ ಪ್ಲಾಸ್ಟಿಕ್ಕು ಕಂದಾಗಿ ಹುರಿದುಹೋಗಿತ್ತು.

ಹೊಸ ಕನೆಕ್ಟರು ಹಾಕಿದೆ. ನಾಲ್ಕಕ್ಕೂ ದಪ್ಪ ವೈರು, ಗ್ರೌಂಡಿಗೂ ಅಷ್ಟೇ. ಬೋರ್ಡಿನ ಅಂಚಿನ ಪಟ್ಟಿಗಳು ಮಂಕಾಗಿದ್ದವು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುವವರೂ ಇದ್ದಾರೆ. ಮೆತ್ತಗೆ ಉಜ್ಜಿದರೆ ಪರವಾಗಿಲ್ಲ, ಪುಡಿ ಮಾತ್ರ ಒಳಗೆ ಉಳಿಯಬಾರದು.

ಮೀಟರು ಚಿಪ್ಪಿನ ಕಾಲಿನ ಮೇಲೆ 4.97 ತೋರಿಸಿತು. ಪರದೆಯಲ್ಲಿ ಬೋರ್ಡಿನ ಪರೀಕ್ಷೆಯ ಸಾಲುಗಳು ಓಡಿ, ಆಮೇಲೆ ಆಟ ಬಂತು. ಭಾವನಿಗೆ ವಿಡಿಯೋ ಕಳಿಸಿದೆ. "ಹೊಸ ಬೋರ್ಡ್ ಎಷ್ಟಾಯ್ತು?" ಅಂತ ಉತ್ತರ ಬಂತು.

ಅಂಕಲ್‌ಗೆ ಹೇಳಿದಾಗ ಅವರಿಗೆ ದೊಡ್ಡ ಆಶ್ಚರ್ಯವೇನೂ ಆಗಲಿಲ್ಲ. ಅವರಿಗೆ ನಾನು ಬೇರೆ ಕಥೆ ಹೇಳಿದೆ, ಅದು ಇಷ್ಟವಾಯಿತು. ಅಮೆರಿಕದ ಅಟಾರಿ ಕಂಪನಿ 1972ರಲ್ಲಿ ತನ್ನ ಮೊದಲ ಪಾಂಗ್ ಮಷೀನನ್ನು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಆಂಡಿ ಕ್ಯಾಪ್ಸ್ ಅನ್ನುವ ಬಾರಿನಲ್ಲಿ ಇಟ್ಟಿತ್ತು. ಸ್ವಲ್ಪ ದಿನಕ್ಕೇ ಮಷೀನು ಕೆಟ್ಟಿದೆ ಅಂತ ಬಾರಿನಿಂದ ಕರೆ ಬಂತು. ಅದನ್ನು ಮಾಡಿದ ಎಂಜಿನಿಯರ್ ಅಲನ್ ಅಲ್ಕಾರ್ನ್ ಹೋಗಿ ಬಾಗಿಲು ತೆಗೆದು ನೋಡಿದರೆ ಸರ್ಕ್ಯೂಟಿಗೆ ಏನೂ ಆಗಿಲ್ಲ. ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿ, ಹೊಸ ನಾಣ್ಯ ಒಳಗೆ ಹೋಗುತ್ತಿರಲಿಲ್ಲ. ಅಂಕಲ್ ಜೋರಾಗಿ ನಕ್ಕು, "ಅಂಥಾ ಕಂಪ್ಲೇಂಟ್ ನನಗೆ ಒಂದೂ ಬರ್ಲಿಲ್ಲವಲ್ಲಪ್ಪಾ" ಅಂದರು.

ಈಗ ಉಳಿದಿರುವುದು ಎರಡನೇ ಆಟಗಾರನ ಜಂಪ್ ಬಟನ್ನು. ಮೂರು ಸಲ ಒತ್ತಿದರೆ ಒಂದು ಸಲ ಹಾರುತ್ತದೆ. ಕೆಳಗಿನ ಮೈಕ್ರೋಸ್ವಿಚ್ಚು ಸವೆದಿದೆ, ಮೀಟರಿಟ್ಟು ನೋಡಿಯಾಗಿದೆ. ಮುಂದಿನ ಸಲ ಎಸ್.ಪಿ. ರೋಡಿಗೆ ಹೋದಾಗ ಎರಡು ಜಾಸ್ತಿಯೇ ತರುತ್ತೇನೆ. ಅಲ್ಲಿವರೆಗೆ ಮಗಳು ನನ್ನನ್ನು ಎರಡನೇ ಕಡೆಗೇ ನಿಲ್ಲಿಸುತ್ತಿದ್ದಾಳೆ.